ಒಗ್ಗರಣೆ ಇಲ್ಲದ ತಿಂಗಳು

ಮುಳ್ಳೂರಿನ ಆ ಮನೆಯ ಜಗಲಿಯ ಮೇಲೆ ನಾನು ಬಾಣಲೆಗೆ ಸಾಸಿವೆ ಹಾಕಿ, ಅದು ಚಟಪಟ ಅನ್ನುವಷ್ಟರಲ್ಲಿ ಒಳಗಿನಿಂದ ಮನೆಯ ಯಜಮಾನಿ ಓಡಿ ಬಂದರು. ಸೆರಗನ್ನೇ ಮಡಿಸಿ ಬಾಣಲೆಯ ಕಿವಿ ಹಿಡಿದು, ಎತ್ತಿಕೊಂಡು ತಿಪ್ಪೆಯ ಕಡೆ ನಡೆದೇಬಿಟ್ಟರು. ನನ್ನ ಮುಂದೆ ಸೀಮೆಎಣ್ಣೆ ಸ್ಟವ್ ಮಾತ್ರ ಉರಿಯುತ್ತಿತ್ತು. ಅಡುಗೆ ನೋಡಲು ಕೂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಅದು ವಾಸನೆಗೋ ನಗು ತಡೆಯುವುದಕ್ಕೋ ನನಗೆ ತಿಳಿಯಲಿಲ್ಲ.

“ನಿಂಗೇನು ಬುದ್ಧಿಗಿದ್ಧಿ ಅದಾ ಸೇವಕಮ್ಮ? ಒಳಗೆ ಉಳ ಜ್ವರ ಏಳ್ತಾ ಅವೆ, ನೀನು ಬಾಗ್ಲಲ್ಲಿ ಕೂತ್ಕಂಡು ಒಗ್ಗರಣೆ ಆಕ್ತಿದ್ದೀಯಲ್ಲ!” ಎಂದು ತಿಪ್ಪೆಯ ಹತ್ತಿರದಿಂದಲೇ ಕೂಗಿದರು.

ಉಳ ಅಂದರೆ ರೇಷ್ಮೆ ಹುಳ. ಗೂಡು ಕಟ್ಟುವ ಮುಂಚೆ ಅದು ನಾಲ್ಕು ಸಲ ಮೇವು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ. ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳಕ್ಕೆ ಗಾಟು ವಾಸನೆ ಆಗದು ಎಂದು ಅವರ ನಂಬಿಕೆ. ಹಾಗಾಗಿ ಹುಳ ಮನೆಯಲ್ಲಿರುವ ತಿಂಗಳು ಪೂರ್ತಿ ಒಲೆಯ ಮೇಲೆ ಒಗ್ಗರಣೆ ಇಲ್ಲ, ಬೆಳ್ಳುಳ್ಳಿ ಇಲ್ಲ, ಗಂಡಸರಿಗೆ ಬೀಡಿ ಇಲ್ಲ, ಹೆಂಗಸರ ತಲೆಗೆ ಘಮಘಮ ಎಣ್ಣೆಯೂ ಇಲ್ಲ. ಮೈಸೂರಿನ ವಠಾರದಲ್ಲಿ ಬೆಳೆದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಹಿಟ್ಟು ಬೇಯಿಸಿ ತೋರಿಸುತ್ತೇನೆ ಎಂದಷ್ಟೇ ಅವರನ್ನು ಒಪ್ಪಿಸಿದ್ದೆ. ಕಡಲೆಕಾಯಿ ಹಿಂಡಿಯ ಹಿಟ್ಟಿನ ಉಪ್ಪಿಟ್ಟಿಗೆ ಕೊನೆಯಲ್ಲಿ ಒಗ್ಗರಣೆ ಹಾಕಿದರೆ ತಿನ್ನುತ್ತಾರೆ ಎಂದು ತರಬೇತಿ ಕೇಂದ್ರದಲ್ಲಿ ಕಲಿಸಿದ್ದರು. ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದೆ, ಬಾಣಲೆ ತಿಪ್ಪೆಗೆ ಹೋಯಿತು.

ಇದು ಅರವತ್ತರ ದಶಕದ ಮಧ್ಯದ ಮಾತು. ನಾನು ಕೊಳ್ಳೇಗಾಲದ ಬ್ಲಾಕ್ ಆಫೀಸಿನ ಗ್ರಾಮಸೇವಕಿ. ಕೊಳ್ಳೇಗಾಲ ಮದ್ರಾಸು ಕಡೆಯಿಂದ ಮೈಸೂರಿಗೆ ಸೇರಿ ವರ್ಷಗಳಾಗಿದ್ದರೂ ಆಫೀಸಿನ ಬೀರುವಿನಲ್ಲಿ ಇನ್ನೂ ತಮಿಳು ಫೈಲುಗಳೇ ತುಂಬಿದ್ದವು. ನೇಕಾರರ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಬೆಳಗಾದರೆ ಪಕ್ಕದ ಮನೆಯ ಮಗ್ಗದ ಸದ್ದಿಗೆ ಎದ್ದು, ಸ್ಟವ್, ಬಾಣಲೆ, ಬಣ್ಣದ ಚಾರ್ಟು ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹಳ್ಳಿಗೆ ಹೊರಡುವುದು. ಜನ ಕಾಳು ಸೊಪ್ಪು ಹೆಚ್ಚಾಗಿ ತಿನ್ನುವ ಹಾಗೆ ಮಾಡುವುದು ನನ್ನ ಕೆಲಸ. ಹೇಳುವುದಕ್ಕೆ ಎಷ್ಟು ಸುಲಭ!

ಬಾಣಲೆಯ ಸುದ್ದಿ ನನಗಿಂತ ಮುಂಚೆ ಊರೂರು ತಿರುಗಿತು. ಮುಳ್ಳೂರಿನಲ್ಲಿ ನಾನು ಬೀದಿಗೆ ಕಾಲಿಟ್ಟರೆ ಹುಳದ ಮನೆಗಳ ಬಾಗಿಲು ಮುಚ್ಚಿಕೊಳ್ಳತೊಡಗಿದವು. “ಒಗ್ಗರಣೆ ಬತ್ತಾ ಅದೆ, ಬಾಗ್ಲಾಕ್ರಮ್ಮಿ” ಎಂದು ಯಾರೋ ಒಳಗಿನಿಂದ ಅಂದದ್ದು ನನ್ನ ಕಿವಿಗೇ ಬಿತ್ತು. ಕೋಣೆಗೆ ಬಂದು ಅತ್ತೆ. ವಯಸ್ಸು ಚಿಕ್ಕದು, ಅಳು ಬೇಗ ಬರುತ್ತಿತ್ತು.

ಆ ಊರನ್ನು ಬಿಟ್ಟು ಬೇರೆ ಊರು ನೋಡಿಕೊಳ್ಳುತ್ತಿದ್ದೆನೋ ಏನೋ, ಅಷ್ಟರಲ್ಲಿ ನರ್ಸಮ್ಮ ಸಿಕ್ಕಿದರು. ಆಸುಪಾಸಿನ ಹಳ್ಳಿಗಳ ಹೆರಿಗೆಯೆಲ್ಲ ಅವರ ಕೈಯಲ್ಲೇ. ರಸ್ತೆಯ ಬದಿ ಹುಣಸೆಮರದ ಕೆಳಗೆ ನಿಲ್ಲಿಸಿ ಕೇಳಿದರು:

“ಬಾಣಲೆ ಕಿತ್ತುಕೊಂಡರಲ್ಲ, ಆ ಮನೆಯ ಸೊಸೆಯನ್ನ ನೋಡಿದೆಯಾ?”

ನೋಡಿದ್ದೆ. ಬಾಗಿಲ ಸಂದಿಯಲ್ಲಿ ನಿಂತು ಮುಗುಳ್ನಕ್ಕಿದ್ದ ತೆಳ್ಳನೆಯ ಹುಡುಗಿ.

“ಬಸುರಿ. ಮೊದಲ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ಸತ್ತು ಬದುಕಿದಳು. ಮಗು ಉಳಿಯಲಿಲ್ಲ. ಈಗ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿ ಕಾಗದ. ನಾನು ಕೊಟ್ಟ ಮಾತ್ರೆ ವಾಂತಿ ಮಾಡಿಕೊಳ್ಳುತ್ತಾಳೆ. ಈ ಸಲವೂ ಹಾಗೇ ರಕ್ತ ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ. ಊಟದ ಇಲಾಖೆ ನಿನ್ನದು, ನೋಡು.”

ಬಿಟ್ಟು ಓಡುವ ಯೋಚನೆ ಅಲ್ಲಿಗೆ ನಿಂತಿತು. ಮೇಲಿನವರನ್ನು ಕೇಳಿದೆ. ನಮ್ಮ ವಿಸ್ತರಣಾಧಿಕಾರಿ ಒಳ್ಳೆಯವರೇ, ಆದರೆ ಅವರ ಬಾಯಲ್ಲಿ ಯಾವ ಕಾಯಿಲೆಗೂ ಒಂದೇ ಔಷಧಿ: “ಮೊಟ್ಟೆ ಕೊಡಿಸಿ.” ಸಾರ್, ಅದು ಲಿಂಗ ಕಟ್ಟಿದ ಮನೆ ಎಂದೆ. “ಹಾಗಾದರೆ ಹಾಲಿನ ಪುಡಿ” ಎಂದರು. ಆ ಪುಡಿಯನ್ನು ಊರಿನವರು ಸುಣ್ಣದ ಜೊತೆ ಸೇರಿಸಿ ಗೋಡೆಗೆ ಬಳಿದ ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ. ಉಳಿದದ್ದು ಕಾಳು, ಸೊಪ್ಪು, ಎರಡೇ.

ಹುಳ ಗೂಡು ಕಟ್ಟಿ ಮಾರಾಟವಾಗಿ ಮನೆ ಖಾಲಿಯಾದ ಮೇಲೆ ಧೈರ್ಯ ಮಾಡಿ ಹೋದೆ. ಯಜಮಾನಿ ಹಿಪ್ಪುನೇರಳೆ ತೋಟದಲ್ಲಿ ಕಳೆ ತೆಗೆಸುತ್ತಿದ್ದರು. ಸಾಲುಗಳ ನಡುವೆ ಅಣ್ಣೆಸೊಪ್ಪು, ಕನ್ನೆಸೊಪ್ಪು, ಗಣಿಕೆ, ದಂಟು, ಎಲ್ಲ ಹುಲುಸಾಗಿ ಬೆಳೆದಿತ್ತು. ಕಿತ್ತು ಕಿತ್ತು ಗುಡ್ಡೆ ಹಾಕಿದ್ದರು. ಸೊಪ್ಪಿನವಳು ಕೊಳ್ಳೇಗಾಲದ ಬೀದಿಯಲ್ಲಿ ಕೂಗಿ ಮಾರುವ ಸರಕು ಇಲ್ಲಿ ದನದ ಮೇವು. ನಾನು ಒಂದು ಹಿಡಿ ಎತ್ತಿಕೊಂಡು, “ಅವ್ವಾ, ಇದನ್ನೇ ಸೊಸೆಗೆ ಬೇಯಿಸಿ ಹಾಕಿ, ರಕ್ತ ಆಗುತ್ತೆ” ಎಂದೆ. ಚಾರ್ಟನ್ನೂ ಬಿಚ್ಚಿದೆ.

ಅವರು ಚಾರ್ಟನ್ನು ಮೇಲಿಂದ ಕೆಳಗೆ ನೋಡಿದರು. “ಬದ್ನೇಕಾಯಿ ಸಂದಾಗಿ ಬರ್ದವ್ರೆ” ಎಂದರು. ಆಮೇಲೆ ನನ್ನ ಕೈಯ ಸೊಪ್ಪಿನ ಕಡೆ ನೋಡಿ ಮುಖ ಬಿಗಿದರು.

“ದನಕ್ ಆಕೋದ ನನ್ ಸೊಸೆಗೆ ಇಕ್ಲಾ? ಅವ್ಳು ಯಳಂದೂರು ಗದ್ದೆ ಬಯಲಿಂದ ಬಂದ ಮೊಗ ಕಣವ್ವ. ಅವರಪ್ಪ ಬಂದಾಗ ಅವ್ಳ ತಟ್ಟೇಲಿ ಬೆರಕೆ ಸೊಪ್ಪು ಕಂಡ್ರೆ ನನ್ ಮಕಕ್ಕೆ ಉಗಿಯಾಕಿಲ್ವಾ? ಬಸುರಿ ಅಂತ ದಿನಾ ಸಣ್ಣಕ್ಕಿ ಅನ್ನ ಮಾಡಿ, ತುಪ್ಪದಲ್ಲಿ ಒಗ್ಗರಣೆ ಆಕಿ ತಿಳಿಸಾರು ಕಾಸಿ ಇಕ್ತಾ ಇವ್ನಿ. ನಾವೆಲ್ಲ ಮುದ್ದೆ ಉಂಡರೂ ಅವ್ಳಿಗೆ ಮುದ್ದೆ ಇಕ್ಕಿಲ್ಲ.”

ನಾನು ಆ ಮನೆಗೆ ಹೋಗುವಾಗ ಮನಸ್ಸಿನಲ್ಲೇ ಒಬ್ಬ ಗಯ್ಯಾಳಿ ಅತ್ತೆಯನ್ನು ಕಟ್ಟಿಕೊಂಡು ಹೋಗಿದ್ದೆ. ಇಲ್ಲಿ ನೋಡಿದರೆ ಪ್ರೀತಿಯೇ ತಟ್ಟೆ ತುಂಬಿಕೊಂಡು ಕೂತಿತ್ತು. ಗಯ್ಯಾಳಿಯಾಗಿದ್ದರೆ ಜಗಳವಾಡಬಹುದಿತ್ತು. ಪ್ರೀತಿಯಿಂದ ಬಡಿಸಿದ ಬಿಳಿ ಅನ್ನದ ಎದುರು ಯಾವ ಚಾರ್ಟು ಹಿಡಿಯುವುದು?

ಮುಂದಿನ ಸಲ ಹುಳ ಬಂದಾಗ ನಾನು ಪಾಠ ಹೇಳುವುದನ್ನು ಬಿಟ್ಟು, “ಅವ್ವಾ, ಹುಳಕ್ಕೆ ಸೊಪ್ಪು ಹೆಚ್ಚುವುದಕ್ಕೆ ಆಳು ಬೇಕಾ?” ಎಂದು ಕೇಳಿದೆ. ಅವರು ಅನುಮಾನದಿಂದ ನೋಡಿದರು. ಆದರೆ ಆ ಮನೆಯಲ್ಲಿ ಕೈ ಕಡಿಮೆ. ದೊಡ್ಡ ಮಗ ತೋಟಕ್ಕೆ, ಚಿಕ್ಕವನು ಸ್ಕೂಲಿಗೆ, ಗಂಡ ನೀರಿಗೆ, ಬಸುರಿ ಸೊಸೆಗೆ ಬಗ್ಗಿ ಏಳುವುದು ಕಷ್ಟ. “ತಲೆಗೆ ಏನೂ ಪೂಸ್ಕಂಡು ಬರಬ್ಯಾಡ. ಕಾಲ್ ತೊಳ್ಕಂಡು ಒಳೀಕ್ ಬಾ” ಎಂದರು. ಇಷ್ಟೇ ಒಪ್ಪಂದ.

ಆ ತಿಂಗಳು ಬಿಡುವಾದಾಗಲೆಲ್ಲ ಹೋದೆ. ಈಗಲೂ ಕಣ್ಣು ಮುಚ್ಚಿದರೆ ಆ ಕತ್ತಲೆ ಕೋಣೆಯ ತಂಪು, ಹಸಿ ಎಲೆಯ ವಾಸನೆ ಬರುತ್ತದೆ. ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳು ನೀರಿನ ಬಟ್ಟಲಲ್ಲಿ. ಮರಿ ಹುಳಕ್ಕೆ ಕುಡಿ ಎಲೆಯನ್ನು ತಂಬಾಕಿನಷ್ಟು ಸಣ್ಣಗೆ ಹೆಚ್ಚಬೇಕು. ಒದ್ದೆ ಎಲೆ ಹಾಕಬಾರದು, ಬಾಡಿದ ಎಲೆ ಹಾಕಬಾರದು. ಜ್ವರಕ್ಕೆ ಹೋದಾಗ ಒಂದೆಲೆಯನ್ನೂ ಮುಟ್ಟಿಸಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಹೊತ್ತು ಗೊತ್ತಿಲ್ಲದೆ ತಿನ್ನುತ್ತವೆ. ಆಗ ಮನೆಮಂದಿಗೆಲ್ಲ ಸೊಪ್ಪು ತರುವುದೇ ಕೆಲಸ. ಯಜಮಾನಿ ತಟ್ಟೆಯ ಮುಂದೆ ನಿಂತು ಹುಳದ ಮೈ ನೋಡಿಯೇ, “ಇದ್ಕೆ ಅಸ್ವು”, “ಇದ್ಕೆ ಸಾಕು” ಅನ್ನುತ್ತಿದ್ದರು. ಹುಳದ ಜೊತೆ ಮಾತಾಡುವಾಗ ಅವರ ದನಿಯೇ ಬೇರೆ.

ಮಧ್ಯಾಹ್ನದ ಊಟ ಅಲ್ಲೇ. ಒಗ್ಗರಣೆ ಇಲ್ಲದ ಮೇಲೆ ತಿಳಿಸಾರು ಬರೀ ಬಿಸಿನೀರು, ಅದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಹಿತ್ತಲ ಒಲೆಯ ಮೇಲೆ ದಿನವೂ ಉಪ್ಪುಸಾರು. ಅಲಸಂದೆ ಕಾಳು ಬೆಂದ ಮೇಲೆ ಅದಕ್ಕೇ ಸೊಪ್ಪು, ಉಪ್ಪು, ಜೊತೆಗೆ ಹಸಿಮೆಣಸಿನಕಾಯಿಯನ್ನೂ ಹಾಕಿ ಬೇಯಿಸುವುದು. ನೀರು ಬಸಿದುಕೊಂಡು, ಬೆಂದ ಮೆಣಸಿನಕಾಯಿಯನ್ನು ಜೀರಿಗೆ ಹುಣಸೆಹಣ್ಣಿನ ಜೊತೆ ಅರೆದರೆ ಖಾರ. ಮುದ್ದೆ, ಬಸಿದ ಸಾರು, ಪಕ್ಕದಲ್ಲಿ ರಾಶಿ ಕಾಳು ಸೊಪ್ಪು. ಸೊಪ್ಪು ಎಲ್ಲಿಯದು? ಅದೇ ತೋಟದ ಕಳೆ. ಸೊಸೆಯೂ ಅದನ್ನೇ ಉಣ್ಣುತ್ತಿದ್ದಳು, ಎರಡನೆಯ ಸಲ ನೀಡಿಸಿಕೊಂಡು ಉಣ್ಣುತ್ತಿದ್ದಳು. ನಾನು ತುತ್ತು ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದೆ.

ಒಂದು ದಿನ ಅವಳ ಅಪ್ಪ ಯಳಂದೂರಿನಿಂದ ಬಂದರು. ಯಜಮಾನಿ ಬೀಗರ ತಟ್ಟೆಗೂ ಮುದ್ದೆ, ಬೆರಕೆ ಸೊಪ್ಪು ಬಡಿಸಿದರು. ಅವರು ಮಗಳ ತಟ್ಟೆ ನೋಡಿದರು, ತಮ್ಮ ತಟ್ಟೆ ನೋಡಿದರು, “ಉಳ ಎಷ್ಟನೇ ಜ್ವರ?” ಎಂದು ಕೇಳಿ ಉಂಡು ಎದ್ದರು. ಅವರು ಹೋದ ಮೇಲೆ, ಉಗಿಯುತ್ತಾರೆ ಅಂದಿರಲ್ಲ ಎಂದು ಕೆಣಕಿದೆ.

“ಇದು ಉಳದ ಊಟ ಅಲ್ವಾ? ಇದ್ಕೆ ಯಾರು ಏನಂದಾರು?” ಎಂದರು ಯಜಮಾನಿ. ನಾನು ಇಷ್ಟು ದಿನ ತಲೆ ಚಚ್ಚಿಕೊಂಡದ್ದೆಲ್ಲ ಅವರಿಗೆ ಮಾತೇ ಅಲ್ಲ.

ಆ ಬೆಳೆ ಮುಗಿಯುವ ಹೊತ್ತಿಗೆ ನರ್ಸಮ್ಮ ಸೊಸೆಯ ರೆಪ್ಪೆ ಎಳೆದು, “ಪರವಾಗಿಲ್ಲ, ಬಣ್ಣ ತಿರುಗಿದೆ” ಎಂದರು. ನನಗೆ ಆಕಾಶ ಮೂರೇ ಗೇಣು. ಆದರೆ ಗೂಡು ಮಾರಿ ಬಂದ ದಿನವೇ ಮನೆ ಸಾರಿಸಿ, ಇಂಗಿನ ಒಗ್ಗರಣೆ ಬೀದಿಯ ತುದಿಯವರೆಗೆ ಘಮ್ಮೆಂದಿತು. ಸೊಸೆಯ ತಟ್ಟೆಗೆ ಮತ್ತೆ ಸಣ್ಣಕ್ಕಿ ಅನ್ನ ಬಂತು. ಕೆಲವೇ ವಾರಗಳಲ್ಲಿ ಅವಳ ರೆಪ್ಪೆ ಮತ್ತೆ ಬಿಳಿಚಿತು, ನರ್ಸಮ್ಮನ ಮುಖವೂ ಮೊದಲಿನಂತಾಯಿತು.

ನಾನು ಸಿಟ್ಟಿನಲ್ಲೇ ಹೋದೆ. ಯಜಮಾನಿ ಇರಲಿಲ್ಲ. ಸೊಸೆ ಹಿತ್ತಲಲ್ಲಿ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಬೆನ್ನು ಸವರಿ, ಬಾಯಿ ತೊಳೆಸಿ, ಕಲ್ಲಿನ ಮೇಲೆ ಕೂರಿಸಿದೆ.

“ದಿನಾ ಹೀಗೇನಾ?” ಎಂದೆ.

“ಉಳದ ತಿಂಗ್ಳಲ್ಲಿ ಇರ್ನಿಲ್ಲ ಅಕ್ಕ. ಒಗ್ಗರಣೆ ವಾಸ್ನೆ ಬಂದ್ರೆ ಒಟ್ಟೇಲಿ ಒಂದೂ ನಿಲ್ಲಕ್ಕಿಲ್ಲ.”

“ಅತ್ತೆಗೆ ಹೇಳಬಾರದಾ?”

“ಅವ್ರು ತುಪ್ಪ ಆಕಿ ಆಸೆಯಿಂದ ಮಾಡ್ತಾರೆ. ನಿಮ್ ಅಡ್ಗೆ ವಾಸ್ನೆಗೇ ವಾಂತಿ ಅಂತ ಎಂಗೆ ಏಳ್ಲಿ? ನೊಂದ್ಕತಾರೆ.” ಅಂದು, “ನೀವೂ ಏಳಬ್ಯಾಡಿ” ಎಂದು ಕೈ ಹಿಡಿದುಕೊಂಡಳು.

ಆ ಕಲ್ಲಿನ ಮೇಲೆ ಕೂತೇ ನಾನು ನಿರ್ಧಾರ ಮಾಡಿದ್ದು. ರಕ್ತ, ಜೀವಸತ್ವ ಎಂಬ ಮಾತು ಇನ್ನು ಈ ಮನೆಯಲ್ಲಿ ಆಡುವುದಿಲ್ಲ. ಸೊಪ್ಪು ತಿನ್ನಿ ಎಂದೂ ಹೇಳುವುದಿಲ್ಲ. ಹುಳದ ತಿಂಗಳಿನ ಕಟ್ಟುಪಾಡು ಹೆರಿಗೆಯವರೆಗೂ ಈ ಮನೆಯಲ್ಲಿ ಇರಬೇಕು, ಅದನ್ನು ಇಡಬಲ್ಲವರು ಯಜಮಾನಿ ಒಬ್ಬರೇ. ಸೊಸೆಯ ಮಾತು ಮೀರುವುದೆಂದೂ ತೀರ್ಮಾನಿಸಿದೆ.

ಯಜಮಾನಿ ತೋಟದಿಂದ ಬಂದು ಕಾಲು ತೊಳೆಯುವಾಗ ಹೇಳಿದೆ: “ಅವ್ವಾ, ಒಳಗೆ ಇನ್ನೊಂದು ಮೇವು ಬಿಟ್ಟಿದೆ. ಒಗ್ಗರಣೆ ವಾಸನೆ ಆಗುತ್ತಿಲ್ಲವಂತೆ.”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಮನೆಯಲ್ಲಿ ಹುಳವೇ ಇಲ್ಲ. ಆಮೇಲೆ ಚೊಂಬು ಕೆಳಗಿಟ್ಟು ಸೊಸೆಯ ಹತ್ತಿರ ಹೋದರು. ಅವಳ ಗಲ್ಲ ಹಿಡಿದೆತ್ತಿ, ಹುಳದ ತಟ್ಟೆ ನೋಡುವ ಹಾಗೆ ನೋಡಿದರು. ತುಂಬ ಹೊತ್ತು ನೋಡಿದರು. “ಯಾಕ್ ಏಳ್ನಿಲ್ಲ ಮೊಗ?” ಅಂದರು. ಅವಳು ಅತ್ತಳು, ಇವರೂ ಅತ್ತರು. ನಾನು ನಡುವೆ ನಿಂತು ಏನು ಮಾಡಬೇಕೆಂದು ತೋಚದೆ ಚೊಂಬು ಎತ್ತಿ ಕಟ್ಟೆಯ ಮೇಲಿಟ್ಟೆ.

ಅಂದಿನಿಂದ ಹೆರಿಗೆಯವರೆಗೆ ಆ ಮನೆಯಲ್ಲಿ ಒಗ್ಗರಣೆ ನಿಂತಿತು. ಎಲ್ಲ ನನ್ನಿಷ್ಟದಂತೆ ಆಗಲಿಲ್ಲ. ಹುರುಳಿಕಾಳು ಎಂದೆ, “ಉಷ್ಣ, ಬಸುರೀಗೆ ಆಗಕ್ಕಿಲ್ಲ” ಎಂದು ತಳ್ಳಿಹಾಕಿದರು. ಅಲಸಂದೆ, ಅವರೆಗೆ ಒಪ್ಪಿದರು. ಊಟದ ಜೊತೆ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಸತ್ವ ಮೈಗೆ ಹತ್ತುತ್ತದೆ ಎಂಬ ಒಂದು ಮಾತನ್ನು ಮಾತ್ರ ನಾನು ಬಿಡದೆ ಹಿಡಿದೆ. ಬೇಲಿಯಲ್ಲಿ ನಿಂಬೆ ಇತ್ತು, ಅದೂ ನಡೆಯಿತು. ಗಂಡಸರು ಗೊಣಗಿದರು. ಒಂದು ಮಧ್ಯಾಹ್ನ ಸೊಸೆಯ ಮಾವ ಮುದ್ದೆ ಮುರಿಯುತ್ತ, “ಮನೇಲಿ ಉಳಾನೇ ಇಲ್ವಲ್ಲಮ್ಮಿ, ಇನ್ನೆಷ್ಟ್ ದಿನ ಈ ಸಪ್ಪೆ?” ಎಂದರು.

“ಅದೆ. ನಿಮ್ ಕಣ್ಗೆ ಕಾಣ್ತಾ ಇಲ್ಲ ಅಷ್ಟೆ” ಎಂದರು ಯಜಮಾನಿ. ಮಾವ ತಲೆ ತಗ್ಗಿಸಿ ಉಂಡರು. ಸೊಸೆ ಬಾಗಿಲ ಮರೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು.

ಈ ಮಾತು ಬೀದಿಗೆ ಹೋಯಿತು. ಹುಳ ಸಾಕುವುದರಲ್ಲಿ ಆ ಯಜಮಾನಿಯ ಕೈಗುಣ ದೊಡ್ಡದೆಂದು ಊರಿಗೇ ನಂಬಿಕೆ. ಅವರೇ ಬಸುರಿಗೆ ಹುಳದ ಕಟ್ಟು ಇಟ್ಟಿದ್ದಾರೆಂದರೆ ಅದರಲ್ಲಿ ಏನೋ ಇರಬೇಕು ಎಂದು ಎದುರು ಮನೆಯವರೂ ತಮ್ಮ ಮಗಳಿಗೆ ಹಾಗೇ ಮಾಡಿದರು. ತೋಟದ ಕಳೆ ದನಕ್ಕೆ ಹೋಗುವ ಮುಂಚೆ ಹೆಂಗಸರ ಮಡಿಲಿಗೆ ಹೋಗತೊಡಗಿತು. ಆಫೀಸಿನಲ್ಲಿ ನನಗೆ ಬೈಗುಳ. ಆ ತಿಂಗಳುಗಳಲ್ಲಿ ನಾನು ಒಂದು ಅಡುಗೆ ಪ್ರದರ್ಶನವನ್ನೂ ಮಾಡಿರಲಿಲ್ಲ.

ಹೆರಿಗೆ ನೋವು ಬಂದದ್ದು ಬೆಳಿಗ್ಗೆ, ಅದೂ ಮುಂದಿನ ಬೆಳೆಯ ಹುಳ ಹಣ್ಣಾದ ದಿನ. ಹಣ್ಣಾದ ಹುಳವನ್ನು ಅಂದೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ತಿಂಗಳ ದುಡಿಮೆ ಮಣ್ಣು. ನಾನು ಹೋಗುವ ಹೊತ್ತಿಗೆ ಮಗು ಹುಟ್ಟಿತ್ತು, ಹೆಣ್ಣು. ಆದರೆ ರಕ್ತ ನಿಲ್ಲುತ್ತಿರಲಿಲ್ಲ. ನರ್ಸಮ್ಮ ಕೈ ತೊಳೆಯದೆಯೇ ಹೊರಗೆ ಬಂದು, “ಗಾಡಿ ಕಟ್ಟಿ, ಕೊಳ್ಳೇಗಾಲ” ಎಂದರು.

ಯಜಮಾನಿ ಹುಳದ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಮೊರ ಹಣ್ಣು ಹುಳ. ಅದನ್ನು ಎದುರು ಮನೆಯವರ ಕೈಗೆ ಕೊಟ್ಟು, “ಉಳ ನಿಮ್ದು” ಎಂದಷ್ಟೇ ಹೇಳಿ ಗಾಡಿ ಹತ್ತಿದರು. ಹಿಂತಿರುಗಿ ನೋಡಲಿಲ್ಲ. ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದರು. ನಾನು ಕೂಸನ್ನು ಎದೆಗವಚಿಕೊಂಡು ಕೂತಿದ್ದೆ. ಅಷ್ಟು ಹೆದರಿದ್ದು ನನ್ನ ಬದುಕಿನಲ್ಲಿ ಮತ್ತೆ ಇಲ್ಲ.

ಮಧ್ಯಾಹ್ನ ಡಾಕ್ಟರಮ್ಮ ಆಸ್ಪತ್ರೆಯ ಜಗಲಿಗೆ ಬಂದರು. “ನಿಂತಿದೆ. ಇಷ್ಟು ರಕ್ತ ಹೋಗಿಯೂ ತಡೆದುಕೊಂಡಳು. ಮೈಯಲ್ಲಿ ಸ್ವಲ್ಪ ಇತ್ತು, ಬದುಕಿದಳು” ಎಂದರು. ನರ್ಸಮ್ಮ ನನ್ನ ಭುಜ ಹಿಂಡಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಯಜಮಾನಿ ಅಳಲಿಲ್ಲ. ಕಂಬಕ್ಕೆ ಒರಗಿ ಕೂತು ಕೇಳಿದರು:

“ಸೇವಕಮ್ಮ, ಅವತ್ತು ಅವ್ಳು ನಂಗೆ ಯಾಕ್ ಏಳ್ನಿಲ್ಲ?”

“ನಿಮಗೆ ನೋವಾಗುತ್ತೆ ಅಂತ ಅವ್ವಾ.”

ಅವರು ತಲೆಯಾಡಿಸಿದರು. “ಉಳ ಆಗಿದ್ದಿದ್ರೆ ಏಳದೇನೇ ಗೊತ್ತಾಗೋದು ನಂಗೆ.”

ಆಮೇಲೆ ನನಗೆ ಹನೂರಿಗೆ ವರ್ಗವಾಯಿತು. ಕೌದಳ್ಳಿ, ಒಡೆಯರಪಾಳ್ಯ ಎಂದು ಬೆಟ್ಟದ ಸೀಮೆಯಲ್ಲಿ ವರ್ಷಗಳು ಹೋದವು. ಎಪ್ಪತ್ತರ ದಶಕದ ಕೊನೆಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳಿಗೆ ಊರುಗಳನ್ನು ಪರಿಚಯಿಸಲು ಮತ್ತೆ ಮುಳ್ಳೂರಿಗೆ ಹೋದೆ. ಯಜಮಾನಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿರಿಯ ಸೊಸೆ ಬಸುರಿ. ಹಿರಿಯ ಸೊಸೆ ಮೈ ಕೈ ತುಂಬಿಕೊಂಡು ಮನೆ ಆಳುತ್ತಿದ್ದಳು. ಆ ಗಾಡಿಯ ಕೂಸು ಎರಡು ಜಡೆ ಹಾಕಿಕೊಂಡು ಸ್ಕೂಲಿನಿಂದ ಬಂತು. ಹತ್ತಿರ ಕರೆದು ಅವಳ ಜಡೆಯನ್ನು ಮುಟ್ಟಿ ನೋಡಿದೆ.

ಊಟಕ್ಕೆ ಕೂತೆವು. ಮುದ್ದೆ, ಉಪ್ಪುಸಾರು, ಅಲಸಂದೆ ಕಾಳು, ಬೆರಕೆ ಸೊಪ್ಪು. ಹೊಸ ಹುಡುಗಿ ಸುತ್ತ ನೋಡಿ, “ಹುಳ ಇಲ್ಲವಲ್ಲ ಅಜ್ಜಿ, ಒಗ್ಗರಣೆ ಯಾಕಿಲ್ಲ?” ಎಂದಳು. ಪುಣ್ಯಾತ್ಗಿತ್ತಿ, ನನಗಿಂತ ಚುರುಕು.

“ಮನೇಲಿ ಬಸುರಿ ಅವ್ಳೆ. ಎರಿಗೆ ಆಗೋಗಂಟ ನಮ್ಮಲ್ಲಿ ಒಗ್ಗರಣೆ ಆಕಂಗಿಲ್ಲ ಕಣವ್ವ” ಎಂದರು ಯಜಮಾನಿ. “ಇವತ್ತು ನಿನ್ನೇದಲ್ಲ, ನಮ್ಮತ್ತೆ ಕಾಲದಿಂದ್ಲೂ ಬಂದಿರೋ ಕಟ್ಟು. ನಿಂಬೆಅಣ್ಣು ಇಂಡ್ಕಂಡೇ ಉಣ್ಬೇಕು. ಅದೂ ನಮ್ಮತ್ತೆ ಏಳಿದ್ದೇ.”

ನಾನು ತಲೆಯೆತ್ತಿದೆ. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಮನಸಾರೆ ನಂಬಿಯೇ ಹೇಳುತ್ತಿದ್ದರು. ಹಿರಿಯ ಸೊಸೆ ಸೊಪ್ಪು ಬಡಿಸಲು ನನ್ನ ಮುಂದೆ ಬಗ್ಗಿದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

“ಸುಮ್ಕಿರಿ ಅಕ್ಕ” ಎಂದು ನನಗಷ್ಟೇ ಕೇಳುವ ಹಾಗೆ ಅಂದಳು.

ನಾನು ನಿಂಬೆಹಣ್ಣು ಹಿಂಡಿಕೊಂಡು, ಇನ್ನೊಂದು ಸಲ ಸೊಪ್ಪು ನೀಡಿಸಿಕೊಂಡು ಉಂಡೆ.